ಭಾವನ ಕಾರಿಗೆ ಎಷ್ಟಿಂಚಿನ ಚಕ್ರ?

ಮನೆಗೆ ಕಾರು ಬಂದ್ರೆ ಸಲಹೆ ಕೊಡೋರು ಅದರ ಹಿಂದೇನೇ ಬರ್ತಾರೆ. ಸೀಟಿಗೆ ಇಂಥ ಕವರ್ ಹಾಕ್ಸಿ, ಹಾರ್ನ್ ಬದಲಾಯ್ಸಿ, ಗಾಜಿಗೆ ಏನಾದ್ರೂ ಅಂಟಿಸಿ. ಗಡಿಯಾರ ರಿಪೇರಿಯವರ ಮನೇಲೂ ಹಾಗೇ ಆಯ್ತು.

ಗಡಿಯಾರದವರು ಇಪ್ಪತ್ತೆಂಟು ವರ್ಷದಿಂದ ಒಂದೇ ಅಂಗಡೀಲಿ ಕೂತು ಕೆಲಸ ಮಾಡಿದೋರು. ಅವರ ಹಳೇ ಗಿರಾಕಿಯೊಬ್ಬರು, ಇನ್ನು ಕಣ್ಣು ಸಾಲದು ಅಂತ ಡ್ರೈವಿಂಗ್ ಬಿಟ್ಟಾಗ, ತಮ್ಮ ಕಾರು ಇವರಿಗೇ ಕೊಟ್ರು. ಉದ್ದನೆ ಕಪ್ಪು ಸೆಡಾನ್. ಒಳಗೆ ಚರ್ಮದ ಸೀಟು. ಬಾಗಿಲು ಹಾಕಿದ್ರೆ ಹೊರಗಿನ ಗಲಾಟೆ ಕೇಳ್ತಾನೇ ಇರಲಿಲ್ಲ. ಗಡಿಯಾರದವರ ಅಮ್ಮನಿಗೆ ಸೊಂಟದ ಕೀಲಿನ ಆಪರೇಷನ್ ಆಗಿತ್ತು. ವಾರಕ್ಕೆ ಎರಡು ಸಲ ವ್ಯಾಯಾಮ ಮಾಡಿಸೋಕೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಆ ಕಾರಲ್ಲಿ ಅಮ್ಮ ಕೂತ್ರೆ ಹಾಸಿಗೆ ಮೇಲೆ ಕೂತ ಹಾಗೆ ಇರ್ತಿತ್ತು.

ಒಂದಿನ ಮಹಡಿ ಮನೆಯವರು ಕಾರಿನ ಸುತ್ತ ಒಂದು ಸುತ್ತು ಬಂದು, "ಕಾರೇನೋ ಜೋರಾಗಿದೆ ಸ್ವಾಮಿ. ಆದ್ರೆ ಈ ಚಕ್ರ? ಸೂಟು ಹಾಕ್ಕೊಂಡು ಹವಾಯಿ ಚಪ್ಪಲಿ ಮೆಟ್ಟಿದ ಹಾಗಿದೆ!" ಅಂದುಬಿಟ್ರು.

ಅಷ್ಟೇ. ಆ ಮಾತು ಗಡಿಯಾರದವರ ತಲೇಲಿ ಹುಳ ಬಿಟ್ಟ ಹಾಗಾಯ್ತು. ಮಾರನೇ ದಿನವೇ ಹೆಂಡತಿಯ ತಂಗಿಯ ಅಂಗಡಿಗೆ ಹೋದ್ರು. ಆಕೆ ಟಯರ್ ಅಂಗಡಿ ಇಟ್ಟಿದ್ರು. ಚಕ್ರ ಬಿಚ್ಚೋದು, ಹಾಕೋದು, ಅಲೈನ್‌ಮೆಂಟ್ ನೋಡೋದು, ಎಲ್ಲಾ ತಾವೇ ಮಾಡ್ತಿದ್ರು. ಕೈಯೆಲ್ಲ ಗ್ರೀಸು, ಬಾಯೆಲ್ಲ ನಗು.

"ಬನ್ನಿ ಭಾವ! ಅಪರೂಪಕ್ಕೆ ಈ ಕಡೆ?"

"ಕಾರಿಗೆ ಇಪ್ಪತ್ತಿಂಚಿನ ಅಲಾಯ್ ಚಕ್ರ ಹಾಕಿಬಿಡು. ಫೋನಲ್ಲಿ ನೋಡ್ಕೊಂಡಿದ್ದೀನಿ. ಇಗೋ, ಇದೇ."

ನಾದಿನಿ ಫೋನ್ ನೋಡಿದ್ರು. ಕಾರು ನೋಡಿದ್ರು. "ಈಗಿರೋದು ಹದಿನೆಂಟು. ಸೀದಾ ಇಪ್ಪತ್ತಕ್ಕೆ ಯಾಕೆ ಹಾರ್ತೀರಾ?"

"ಚೆಂದ ಕಾಣುತ್ತೆ."

"ಈ ಚಕ್ರದ ಅಗಲ ಎಷ್ಟು? ನಡುವಿನ ತೂತು ಎಷ್ಟು? ಎಷ್ಟು ಭಾರ ಹೊರುತ್ತೆ?"

"ಅದೆಲ್ಲ ನಂಗೇನಮ್ಮಾ ಗೊತ್ತು? ಬೋಲ್ಟು ಐದು ಇವೆ, ಅದಕ್ಕೂ ಐದು ತೂತಿವೆ. ಕೂರುತ್ತೆ ಬಿಡು."

"ಬೋಲ್ಟಿಗೆ ಕೂತ ಮಾತ್ರಕ್ಕೆ ಕಾರಿಗೆ ಸರಿಹೋಯ್ತು ಅಂತ ಅಲ್ಲ ಭಾವ. ಒಂದು ದಿನ ಕಾರು ಇಲ್ಲೇ ಬಿಡಿ, ಅಳತೆ ತಗೊಂಡು ಹೇಳ್ತೀನಿ. ಅಳತೆ ನೋಡದೆ ಮಾತ್ರ ನಾನು ಹಾಕಲ್ಲ."

"ನಿಂಗೆ ಆಗಲ್ಲ ಅಂದ್ರೆ ಆಗಲ್ಲ ಅನ್ನು. ಪಾಠ ಯಾಕೆ ಹೇಳ್ತೀಯಾ?"

"ಆಗುತ್ತೆ. ಆದ್ರೆ ಹಾಕಲ್ಲ. ಆ ಕಾರಲ್ಲಿ ನಮ್ಮಕ್ಕ ಕೂರ್ತಾಳೆ, ಅತ್ತೆ ಕೂರ್ತಾರೆ."

ಭಾವ ಮುಖ ಗಂಟು ಹಾಕ್ಕೊಂಡು ಹೊರಟೇ ಹೋದ್ರು. ನಾದಿನಿ ಎರಡು ಸಲ ಫೋನ್ ಮಾಡಿದ್ರು. ಎತ್ತಲಿಲ್ಲ. ದೊಡ್ಡ ರಸ್ತೆಯ ಇನ್ನೊಂದು ಅಂಗಡಿಯಲ್ಲಿ ಏನೂ ಕೇಳದೆ ಒಂದೇ ಗಂಟೇಲಿ ನಾಲ್ಕೂ ಚಕ್ರ ಹಾಕಿಕೊಟ್ರು. ಕಾರು ಒಂದು ಗೇಣು ಎತ್ತರವಾದ ಹಾಗೆ ಕಾಣ್ತಿತ್ತು. ಚಕ್ರ ಮಡ್‌ಗಾರ್ಡಿನ ಅಂಚಿಗೇ ಬಂದು ನಿಂತಿತ್ತು. ಹಳೇ ಚಕ್ರಗಳು ಮನೆ ಹಿಂದಿನ ಸಾಮಾನು ಕೋಣೆ ಸೇರಿದವು. ಮಹಡಿ ಮನೆಯವರು, "ಈಗ ನೋಡಿ ಸ್ವಾಮಿ ಕಳೆ!" ಅಂದ್ರು. ಗಡಿಯಾರದವರು ಎರಡು ದಿನ ನೆಲದ ಮೇಲೆ ನಡೀಲಿಲ್ಲ.

ಆಮೇಲೆ ಒಂದೊಂದೇ ಶುರುವಾಯ್ತು.

ಸ್ವಲ್ಪ ಜೋರಾಗಿ ಹೋದ್ರೆ ಸ್ಟೇರಿಂಗ್ ನಡುಗೋದು. ಗಡಿಯಾರದವರು, "ರಸ್ತೆ ಸರಿ ಇಲ್ಲ" ಅಂದ್ರು. ಹಿಂದಿನ ಸೀಟಲ್ಲಿ ಇಬ್ಬರು ಕೂತು ಉಬ್ಬು ಹತ್ತಿದ್ರೆ ಸರ್ ಅಂತ ಏನೋ ಉಜ್ಜಿದ ಸದ್ದು.

"ರೀ, ಹಿಂದುಗಡೆ ಏನೋ ಉಜ್ತಾ ಇದೆ. ನಿಲ್ಲಿಸಿ ನೋಡಿ" ಅಂದ್ರು ಹೆಂಡತಿ.

"ಹೊಸ ಟಯರು ಕಣೇ. ಸವೆದ ಮೇಲೆ ಸರಿಹೋಗುತ್ತೆ."

"ನನ್ನ ತಂಗಿಗೆ ಒಂದ್ಸಲ ತೋರಿಸಬಾರದಾ?"

"ಅವಳ ಹತ್ರ ಹೋದ್ರೆ ಮತ್ತೆ ಪಾಠ. ನಾನು ಹೋಗಲ್ಲ."

ಅಮ್ಮ ಮಾತ್ರ ಏನೂ ಹೇಳಲಿಲ್ಲ. ಕಾರು ಹತ್ತಿದ ಕೂಡಲೇ ಬಾಗಿಲ ಮೇಲಿನ ಹಿಡಿಯನ್ನ ಗಟ್ಟಿಯಾಗಿ ಹಿಡ್ಕೊಂಡು ಕಣ್ಣು ಮುಚ್ಚಿ ಕೂರ್ತಿದ್ರು. ಮಗ ಕನ್ನಡೀಲಿ ನೋಡಿ, ಅಮ್ಮನಿಗೆ ನಿದ್ದೆ ಬಂದಿದೆ ಅಂದ್ಕೊಳ್ತಿದ್ರು.

ಮೂರನೇ ವಾರದ ಸೋಮವಾರ ಬೆಳಿಗ್ಗೆ. ಎಂದಿನ ಹಾಗೆ ಆಸ್ಪತ್ರೆಗೆ ಹೊರಟ್ರು. ಅಮ್ಮ, ಹೆಂಡತಿ ಹಿಂದೆ. ಅಮ್ಮನ ಗಾಲಿಕುರ್ಚಿ ಡಿಕ್ಕಿಯಲ್ಲಿ. ಆಸ್ಪತ್ರೆಗೆ ಸ್ವಲ್ಪ ಮುಂಚೆ ರಸ್ತೆ ಇಳಿಜಾರಾಗಿ ತಿರುಗುತ್ತೆ. ಒಂದು ಕಡೆ ಮೋರಿ, ಇನ್ನೊಂದು ಕಡೆ ತಗ್ಗು ಕಟ್ಟೆ, ಕಟ್ಟೆಯಾಚೆ ಹತ್ತಡಿ ಆಳ. ಆ ತಿರುವಲ್ಲಿ ಹಿಂದಿನ ಚಕ್ರ ಒಂದು ಹಳ್ಳಕ್ಕೆ ಬಿತ್ತು.

ಢಮ್!

ಟಯರ್ ಒಡೆದು ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿತು. ಗಡಿಯಾರದವರು ಪುಣ್ಯಕ್ಕೆ ಗಾಬರಿಯಲ್ಲಿ ಬ್ರೇಕ್ ತುಳೀಲಿಲ್ಲ. ಸ್ಟೇರಿಂಗ್ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು, ಕಾರನ್ನ ಅದರ ಪಾಡಿಗೆ ನಿಧಾನವಾಗೋಕೆ ಬಿಟ್ರು. ಕಟ್ಟೆಗೆ ಇನ್ನೊಂದು ಮೊಳ ಇದೆ ಅನ್ನುವಾಗ ನಿಂತಿತು.

ಯಾರಿಗೂ ಏಟಾಗಿರಲಿಲ್ಲ. ಆದ್ರೆ ಅಮ್ಮ ಅಳ್ತಿದ್ರು.

"ಅಮ್ಮಾ! ಎಲ್ಲಿ ನೋಯ್ತಿದೆ?"

"ಈಗ ಅಲ್ಲ ಮಗಾ. ಈ ಚಕ್ರ ಬಂದಾಗಿನಿಂದ ನೋಯ್ತಿದೆ. ಒಂದೊಂದು ಹಳ್ಳಕ್ಕೂ ಸೊಂಟಕ್ಕೆ ಸುತ್ತಿಗೇಲಿ ಹೊಡೆದ ಹಾಗಾಗುತ್ತೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಅಷ್ಟು ಖುಷಿಯಾಗಿದ್ದೆ ನೀನು. ದಿನಾ ಬೆಳಿಗ್ಗೆ ಎದ್ದು ಬಟ್ಟೆ ತಗೊಂಡು ಆ ಚಕ್ರ ಒರೆಸ್ತಿದ್ದೆ. ನಿನ್ನ ಖುಷಿಗೆ ನಾನ್ಯಾಕೆ ಅಡ್ಡ ಬರಲಿ ಅಂದ್ಕೊಂಡೆ."

ಗಡಿಯಾರದವರು ಇಳಿದು ಹಿಂದಿನ ಬಾಗಿಲು ತೆಗೆದು, ಅಮ್ಮನ ಕೈ ಹಿಡ್ಕೊಂಡು ರಸ್ತೆ ಪಕ್ಕದಲ್ಲೇ ಮಂಡಿಯೂರಿ ಕೂತುಬಿಟ್ರು. ಹೆಂಡತಿ ಗಂಡನ್ನ ಕೇಳಲೂ ಇಲ್ಲ, ತಂಗಿಗೆ ಫೋನ್ ಮಾಡಿದ್ರು.

ಅರ್ಧ ಗಂಟೇಲಿ ನಾದಿನಿ ಸಣ್ಣ ವ್ಯಾನಲ್ಲಿ ಬಂದ್ರು. ಬರೋವಾಗ ಅಕ್ಕನ ಮನೆಯ ಸಾಮಾನು ಕೋಣೆಯಿಂದ ಹಳೇ ಚಕ್ರ, ಅದರ ಬೋಲ್ಟು ಎಲ್ಲ ಹೇರಿಕೊಂಡೇ ಬಂದಿದ್ರು. ಮೊದಲು ಅತ್ತೆಯನ್ನೂ ಅಕ್ಕನನ್ನೂ ವ್ಯಾನಲ್ಲಿ ಕೂರಿಸಿ ಆಸ್ಪತ್ರೆಗೆ ಬಿಟ್ಟು ಬಂದ್ರು. ಆಮೇಲೆ ಜಾಕ್ ಹಾಕಿ ಒಡೆದ ಚಕ್ರ ಬಿಚ್ಚಿದ್ರು. 'ನಾನು ಆಗಲೇ ಹೇಳಿರಲಿಲ್ವಾ' ಅನ್ನೋ ಮಾತು ಅವರ ಬಾಯಿಂದ ಬರಲೇ ಇಲ್ಲ. ಭಾವನಿಗೆ ಅದೇ ಹೆಚ್ಚು ಚುಚ್ಚಿತು.

"ಇಲ್ಲಿ ನೋಡಿ ಭಾವ. ಕೈ ಆಡಿಸಿ ನೋಡಿ."

ಟಯರಿನ ಹೊರ ಅಂಚು ಬ್ಲೇಡಲ್ಲಿ ಹೆರೆದ ಹಾಗೆ ಸುತ್ತಲೂ ಕಿತ್ತು ಹೋಗಿತ್ತು. ಒಳಗಿನ ದಾರ ಕಾಣ್ತಿತ್ತು.

"ಭಾರ ಬಿದ್ದಾಗಲೆಲ್ಲ ಮಡ್‌ಗಾರ್ಡಿನ ತಗಡು ಇದನ್ನ ಕೊಯ್ತಾ ಇತ್ತು. ಇವತ್ತು ಹಳ್ಳ ಒಂದು ನೆಪ ಅಷ್ಟೇ."

"ಮಡ್‌ಗಾರ್ಡಿಗೆ ಯಾಕೆ ತಾಗುತ್ತೆ? ಖಾಲಿ ಕಾರಲ್ಲಿ ತಾಗ್ತಿರಲಿಲ್ಲ."

"ನಾಳೆ ಅಂಗಡಿಗೆ ಬನ್ನಿ. ತೋರಿಸ್ತೀನಿ." ನಾದಿನಿ ಹಳೇ ಚಕ್ರ ನಾಲ್ಕೂ ಹಾಕಿ, ಬಿಚ್ಚಿದ್ದನ್ನ ವ್ಯಾನಿಗೆ ಹೇರಿದ್ರು.

ಮಾರನೇ ದಿನ ಅಂಗಡಿ ಬಾಗಿಲು ತೆಗೆಯೋ ಮುಂಚೆಯೇ ಗಡಿಯಾರದವರು ಹಾಜರ್. "ಪೂರ್ತಿ ಕಲಿಸು. ತಿಳ್ಕೊಳ್ದೆ ಇವತ್ತು ನಾನು ಇಲ್ಲಿಂದ ಏಳಲ್ಲ" ಅಂದ್ರು.

ನಾದಿನಿ ಡ್ರೈವರ್ ಬಾಗಿಲು ತೆಗೆದ್ರು. ಬಾಗಿಲ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿತ್ತು. "ಕಾರು ಮಾಡಿದೋರೇ ಬರೆದಿಟ್ಟಿದ್ದಾರೆ. ಓದಿ."

"ಇನ್ನೂರ ನಲವತ್ತೈದು, ನಲವತ್ತೈದು, ಹದಿನೆಂಟು."

"ಮೊದಲನೇದು ಟಯರಿನ ಅಗಲ, ಮಿಲಿಮೀಟರಲ್ಲಿ. ಎರಡನೇದು ಪಕ್ಕದ ರಬ್ಬರಿನ ಎತ್ತರ. ಅಗಲದಲ್ಲಿ ನೂರಕ್ಕೆ ನಲವತ್ತೈದು ಭಾಗ. ಕೊನೇದು ರಿಮ್ಮು ಎಷ್ಟಿಂಚು ಅಂತ. ರಿಮ್ಮು, ಅದರ ಮೇಲಿನ ಕೆಳಗಿನ ರಬ್ಬರು ಸೇರಿದ್ರೆ ಪೂರ್ತಿ ಚಕ್ರದ ಎತ್ತರ. ಇದಕ್ಕೆ ಆರುನೂರ ಎಪ್ಪತ್ತೆಂಟು ಮಿಲಿಮೀಟರ್ ಬರುತ್ತೆ. ರಿಮ್ಮು ದೊಡ್ಡದು ಮಾಡಿದ್ರೆ ರಬ್ಬರು ಅಷ್ಟೇ ಕಮ್ಮಿ ಮಾಡಬೇಕು, ಒಟ್ಟು ಎತ್ತರ ಹೆಚ್ಚು ಕಮ್ಮಿ ಅಷ್ಟೇ ಇರಬೇಕು. ನಿಮಗೆ ಅವರು ಹಾಕಿದ್ದು ಏಳುನೂರ ಹನ್ನೆರಡು."

"ಮೂವತ್ನಾಲ್ಕು ಮಿಲಿಮೀಟರ್ ಜಾಸ್ತಿ!" ಗಡಿಯಾರದವರು ಬೆಚ್ಚಿಬಿದ್ರು. ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿಗೆ ದಿನವಿಡೀ ಒದ್ದಾಡೋ ಮನುಷ್ಯ ಅವರು.

"ಹೂಂ. ಮೀಟರು ಎಂಬತ್ತು ಅಂದ್ರೆ ನೀವು ನಿಜವಾಗಿ ಎಂಬತ್ನಾಲ್ಕರಲ್ಲಿ ಹೋಗ್ತಿದ್ರಿ."

"ಮತ್ತೆ ಸ್ಟೇರಿಂಗ್ ನಡುಗ್ತಿದ್ದಿದ್ದು?"

"ನಡುವಿನ ತೂತು ನೋಡಿ. ಕಾರಿನಲ್ಲಿ ಚಕ್ರ ಕೂರೋ ಹಬ್ಬಿಗಿಂತ ದೊಡ್ಡದು. ಮಧ್ಯೆ ಸರಿಯಾದ ಬಳೆ ಹಾಕಬೇಕಿತ್ತು, ಹಾಕಿಲ್ಲ. ಚಕ್ರ ಒಂದು ಕೂದಲೆಳೆ ಪಕ್ಕಕ್ಕೆ ಕೂತಿದೆ. ಹೇಳಿ ಭಾವ, ಗಡಿಯಾರದಲ್ಲಿ ಹಲ್ಲಿನ ಚಕ್ರ ಹೀಗೆ ಕೂತ್ರೆ?"

"ಗಡಿಯಾರ ನಡಿಯಲ್ಲ."

"ಚೆಂದ ಕಾಣುತ್ತೆ, ದೊಡ್ಡ ಹಲ್ಲಿನ ಚಕ್ರ ಹಾಕಿ ಅಂತ ಗಿರಾಕಿ ಕೇಳಿದ್ರೆ?"

ಗಡಿಯಾರದವರು ತಲೆ ಕೆರ್ಕೊಂಡ್ರು. "ಬೈದು ಕಳಿಸ್ತೀನಿ."

"ನಾನು ಬೈಲಿಲ್ಲ ನೋಡಿ, ಎಷ್ಟು ಒಳ್ಳೇವಳು!"

ಇಬ್ಬರೂ ನಕ್ಕರು. ಅಷ್ಟು ದಿನದ ಮುನಿಸು ಅಲ್ಲಿಗೆ ಮುಗೀತು. ನಾದಿನಿ ರಿಮ್ಮನ್ನ ಮಗುಚಿ ಹಾಕಿ ಹಿಂಭಾಗ ತೋರಿಸಿದ್ರು. "ಇದಕ್ಕೆ ಆಫ್‌ಸೆಟ್ ಅಂತೀವಿ. ಚಕ್ರ ಒಳಗೆ ಎಷ್ಟು, ಹೊರಗೆ ಎಷ್ಟು ಅಂತ ಹೇಳೋ ಅಳತೆ. ನಿಮ್ಮ ಹಳೇದಕ್ಕಿಂತ ಇದು ಹದಿನೈದು ಮಿಲಿಮೀಟರ್ ಹೊರಗೆ ತಳ್ಳಿದೆ. ಅದಕ್ಕೇ ತಗಡಿಗೆ ತಾಗಿದ್ದು. ಎಷ್ಟು ಕೇಜಿ ಹೊರುತ್ತೆ ಅಂತಾನೂ ಹಿಂದೆ ಅಚ್ಚು ಹಾಕಿರಬೇಕು. ಇದರಲ್ಲಿ ಇದೆಯಾ ಹುಡುಕಿ."

ಹುಡುಕಿದ್ರು. ಇರಲಿಲ್ಲ.

ಅಷ್ಟೊತ್ತಿಗೆ ಹೆಂಡತಿ ಅಮ್ಮನ್ನ ಕರ್ಕೊಂಡು ಆಟೋದಲ್ಲಿ ಬಂದ್ರು. ಆಪರೇಷನ್ ಆದ ಕೀಲಿಗೆ ತೊಂದರೆ ಆಗಿಲ್ಲ, ಆದ್ರೆ ಇನ್ನು ಕುಲುಕಾಟ ಬೇಡ ಅಂತ ಹಿಂದಿನ ದಿನ ಡಾಕ್ಟರ್ ಹೇಳಿದ್ರು. ಅಮ್ಮ ಕುರ್ಚಿ ಮೇಲೆ ಕೂತು, "ಪಾಪ, ಅವನಿಗೆ ಆಸೆ ಇದೆ. ಇಪ್ಪತ್ತರಲ್ಲೇ ಸರಿಯಾದ ಅಳತೇದು ಸಿಗಲ್ವೇನಮ್ಮಾ?" ಅಂತ ಕೇಳಿದ್ರು. ಆ ವಯಸ್ಸಲ್ಲೂ, ಆ ನೋವಲ್ಲೂ.

"ಸಿಗುತ್ತೆ ಅತ್ತೆ. ಆದ್ರೆ ಪಕ್ಕದ ರಬ್ಬರು ಇಷ್ಟೇ ಉಳಿಯುತ್ತೆ." ನಾದಿನಿ ಬೆರಳು ಹಿಡಿದು ತೋರಿಸಿದ್ರು. "ಹಳ್ಳದ ಏಟು ಮೊದಲು ತಡೆಯೋದು ಆ ರಬ್ಬರು. ಅದು ತೆಳ್ಳಗಾದ್ರೆ ಏಟು ರಿಮ್ಮಿಗೆ, ಆಮೇಲೆ ನಿಮ್ಮ ಸೊಂಟಕ್ಕೆ. ಹತ್ತೊಂಬತ್ತು ಹಾಕಬಹುದು, ಅಳತೆ ಕೂರುತ್ತೆ. ಹದಿನೆಂಟೇ ಇಟ್ಕೊಂಡು ಬೇರೆ ವಿನ್ಯಾಸದ್ದೂ ಹಾಕಬಹುದು. ಏನ್ ಮಾಡಲಿ ಭಾವ?"

"ಹದಿನೆಂಟು" ಅಂದ್ರು ಗಡಿಯಾರದವರು. ಒಂದು ಕ್ಷಣವೂ ಯೋಚಿಸಲಿಲ್ಲ.

"ಹತ್ತೊಂಬತ್ತು ನೋಡೋಣ ಕಣೋ, ನಾನು ತಡ್ಕೊಳ್ತೀನಿ" ಅಂದ್ರು ಅಮ್ಮ.

"ನೀನು ತಡ್ಕೊಂಡಿದ್ದು ಸಾಕಮ್ಮ. ಹದಿನೆಂಟು. ಮುಗೀತು."

ಐದು ಕಡ್ಡಿಯ, ಬೂದು ಬಣ್ಣದ ಹದಿನೆಂಟಿಂಚಿನ ಚಕ್ರ ಆರಿಸಿದ್ರು. ಗಡಿಯಾರದವರು ಪ್ರತಿಯೊಂದು ಅಳತೇನೂ ತಾವೇ ಓದಿ, ಬಾಗಿಲಿನ ಚೀಟಿಗೆ ಹೋಲಿಸಿ, ಎರಡೆರಡು ಸಲ ಬರ್ಕೊಂಡ್ರು. ನಾಲ್ಕೂ ಚಕ್ರ ಹಾಕಿದ ಮೇಲೆ ನಾದಿನಿ ಬಿಡಲಿಲ್ಲ.

"ಈಗ ಭಾರ ಹಾಕಿ ನೋಡಬೇಕು. ಅತ್ತೆ ಇಲ್ಲೇ ಕೂತಿರಲಿ, ಉಳಿದೋರು ಹತ್ತಿ. ಅಕ್ಕಾ, ನೀನು ಹಿಂದೆ ಕೂರು."

"ನಾನೇ ಯಾಕೆ ಹಿಂದೆ?"

"ಭಾರ ಹಿಂದೆ ಬೇಕು ಅಕ್ಕಾ!"

"ಬಾ, ನಿಂಗೆ ಮನೇಲಿ ಇದೆ" ಅಂತ ಬೈಕೊಂಡೇ ಅಕ್ಕ ಹತ್ತಿದ್ರು. ಪಕ್ಕದ ಅಂಗಡಿಯ ಇಬ್ಬರು ದಪ್ಪ ಬಡಗಿಗಳೂ ನಗ್ತಾ ಹಿಂದೆ ತುರುಕಿಕೊಂಡ್ರು. ಟಯರಿನ ಅಂಚಿಗೆಲ್ಲ ಸೀಮೆಸುಣ್ಣ ಬಳಿದು, ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಅಂಗಡಿ ಮುಂದಿನ ಉಬ್ಬನ್ನ ನಾಲ್ಕು ಸಲ ಹತ್ತಿಸಿ ಇಳಿಸಿದ್ರು. ಇಳಿದು ನೋಡಿದ್ರೆ ಸುಣ್ಣ ಒಂದು ಚೂರೂ ಅಳಿಸಿರಲಿಲ್ಲ. ಮಡ್‌ಗಾರ್ಡಿಗೂ ಟಯರಿಗೂ ನಡುವೆ ಎರಡು ಬೆರಳು ಆರಾಮಾಗಿ ಹೋಗ್ತಿತ್ತು.

ಆಮೇಲೆ ಅಮ್ಮನನ್ನ ಕೂರಿಸಿಕೊಂಡು ಮನೆ ದಾರಿ ಹಿಡಿದ್ರು. ಮೊದಲ ಹಳ್ಳ ಬಂತು.

"ಅಮ್ಮಾ, ನಿಜ ಹೇಳಬೇಕು."

"ಏನೋ?"

"ಈಗ ಹಳ್ಳ ಬಂತಲ್ಲ, ಅದು."

"ಬಂತಾ?" ಅಂದ್ರು ಅಮ್ಮ.

ಒಡೆದ ಟಯರನ್ನ ಗಡಿಯಾರದವರು ಬಿಸಾಡಲಿಲ್ಲ. ಡಿಕ್ಕಿಗೆ ಹಾಕ್ಕೊಂಡು, ಚಕ್ರ ಬದಲಾಯಿಸಬೇಕು ಅಂತ ಯಾರೇ ಹೇಳಿದ್ರೂ ಅವರ ಮನೆ ಮುಂದೆ ಇಳಿಸಿ, "ಮೊದಲು ಇದರ ಮೇಲೆ ಕೈ ಆಡಿಸಿ, ಆಮೇಲೆ ಮಾತಾಡಿ" ಅಂತಾರೆ. ಇಲ್ಲಿವರೆಗೆ ಏಳು ಜನ ಹಾಗೆ ಕೈ ಆಡಿಸಿದ್ದಾರೆ. ಏಳೂ ಜನ ಅಳತೆ ತಗೊಂಡೇ ಚಕ್ರ ಹಾಕ್ಸಿದ್ದಾರೆ.

ಕೇಳ್ತಿರೋ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಒಂದು ಮಾತು. ಕಾರಿಗೆ ಹೊಸ ಚಕ್ರ ಹಾಕಿಸೋದು ತಪ್ಪಲ್ಲ. ಆಸೆ ಪಡಿ. ಆದ್ರೆ ಮೊದಲು ಡ್ರೈವರ್ ಬಾಗಿಲು ತೆಗೆದು ಆ ಚೀಟಿ ಓದಿ. ಅಲ್ಲಿ ಇಲ್ಲದ್ದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತೆ. ಚಕ್ರದ ಒಟ್ಟು ಎತ್ತರ ಹೆಚ್ಚು ಬದಲಾಗಬಾರದು. ಬೋಲ್ಟಿನ ತೂತು, ನಡುವಿನ ತೂತು, ಆಫ್‌ಸೆಟ್ ಹೊಂದಬೇಕು. ಟಯರೂ ರಿಮ್ಮೂ ನಿಮ್ಮ ಕಾರಿನ ಭಾರ ಹೊರುವಂಥದ್ದೇ ಆಗಿರಬೇಕು. ಹಾಕಿದ ಮೇಲೆ ಜನ ಕೂರಿಸಿ, ತಿರುಗಿಸಿ ನೋಡದೆ ಅಂಗಡಿ ಬಿಟ್ಟು ಹೊರಡಬೇಡಿ. ಇದನ್ನೆಲ್ಲ ಕೇಳಿದ್ರೆ ಅಂಗಡಿಯವರು ಬೇಸರ ಮಾಡ್ಕೊಂಡ್ರೆ, ಬೇರೆ ಅಂಗಡಿ ನೋಡ್ಕೊಳ್ಳಿ. ಸ್ಟೇರಿಂಗ್ ನಡುಗ್ತಿದ್ರೆ, ಏನಾದ್ರೂ ಉಜ್ಜಿದ ಸದ್ದು ಬಂದ್ರೆ ನಾಳೆ ಅನ್ನಬೇಡಿ. ಅವತ್ತೇ ಗಾಡಿ ನಿಲ್ಲಿಸಿ, ತೋರಿಸಿ.

ಮತ್ತೆ, ನಿಮ್ಮ ಹಿಂದಿನ ಸೀಟಲ್ಲಿ ಕೂರೋರನ್ನ ಇವತ್ತೇ ಒಂದು ಮಾತು ಕೇಳಿ: "ಆರಾಮಾಗಿದೆಯಾ? ನಿಜ ಹೇಳಿ." ಅವರು ಹೇಳೋವರೆಗೆ ಕಾಯಿರಿ.