ಹತ್ತಕ್ಕೆ ಒಂಬತ್ತು

"ಇನ್ನೂ ಗಟ್ಟಿಯಾಗಿ ಅದುಮಿ ಅಮ್ಮಾ, ನಿಮ್ಮ ಕೈಲಾದಷ್ಟು," ಎಂದರು ಡಾಕ್ಟರು.

ತಂಗಿ ಹಲ್ಲುಕಚ್ಚಿ ಕೈಬಲ ಅಳೆಯುವ ಉಕ್ಕಿನ ಹಿಡಿಯನ್ನು ಅದುಮಿದಳು. ಅದರ ಮುಳ್ಳು ತುಸು ಅಲುಗಿ ಅಲ್ಲೇ ನಿಂತಿತು. "ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದವಳು ನಾನು. ನನ್ನೆದುರಿಗೇ ಮುಳ್ಳು ನಿಂತುಹೋಗೋದಾ!" ಎಂದು ನಕ್ಕಳು.

ಅಕ್ಕ ಹಿಡಿದಾಗ ಅದೇ ಮುಳ್ಳು ಸರ್ರನೆ ಮೇಲೇರಿತು. ಬೇಕರಿಯಲ್ಲಿ ಹಿಟ್ಟು ನಾದಿ ನಾದಿ ಬಲಿತ ತೋಳು ಅವಳದು. ಇಬ್ಬರೂ ಅವಳಿ, ಅಕ್ಕ ಅರ್ಧ ಗಂಟೆ ಮೊದಲು ಹುಟ್ಟಿದವಳು, ಅಷ್ಟೆ. ಚಿಕ್ಕವರಿದ್ದಾಗ ಹೆತ್ತ ತಾಯಿಗೇ ಗುರುತು ತಪ್ಪುತ್ತಿತ್ತು. ಈಗ ಎಪ್ಪತ್ತು ದಾಟಿದ ಮೇಲೆ ಒಬ್ಬಳು ಕಂಬದಂತೆ ನೆಟ್ಟಗೆ, ಇನ್ನೊಬ್ಬಳು ಕೋಲೂರಿಕೊಂಡು ನಡೆಯುವವಳು. ಮುಪ್ಪಿನಲ್ಲಿ ಮೈ ಸೋಲುವುದಕ್ಕೆ ಹುಟ್ಟೆಷ್ಟು ಕಾರಣ, ಬಾಳಿದ ರೀತಿಯೆಷ್ಟು ಕಾರಣ ಎಂದು ತಿಳಿಯಲು ಆಸ್ಪತ್ರೆಯವರು ಇಂಥ ಜೋಡಿಗಳನ್ನೇ ಹುಡುಕಿ ಕರೆಸುತ್ತಿದ್ದರು.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ ಉತ್ತರ. ತಂಗಿಯ ಕಾಲು ಸೋತಾಗಿನಿಂದ ಅವಳು ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ತನ್ನ ಮೊಣಕಾಲು ಮಡಚಿ ನೋಡಿಕೊಂಡೇ ಏಳುತ್ತಿದ್ದಳು.

"ಡಾಕ್ಟ್ರೇ, ನೇರವಾಗಿ ಕೇಳ್ತೀನಿ. ಇವಳಿಗೆ ಬಂದದ್ದು ನನಗೂ ಬರುತ್ತಾ?"

"ಹೇಳೋಕಾಗಲ್ಲಮ್ಮ. ರಕ್ತದಲ್ಲಿ ಬರೋದು ಒಂದು ಪಾಲು. ಮಾಡಿದ ಕೆಲಸ, ಉಂಡ ಊಟ, ಬಿದ್ದ ಪೆಟ್ಟು, ಇವೆಲ್ಲ ಇನ್ನೊಂದು ಪಾಲು. ಸರಿ, ಈಗ ಕೊನೇ ಪ್ರಶ್ನೆ. ನಿಮ್ಮ ಬದುಕು ನಿಮಗೆ ಎಷ್ಟು ಹಿತವಾಗಿದೆ? ಹತ್ತಕ್ಕೆ ಎಷ್ಟು ಕೊಡ್ತೀರಿ?"

"ಐದು," ಎಂದಳು ಅಕ್ಕ.

"ಒಂಬತ್ತು," ಎಂದಳು ತಂಗಿ. "ಉಳಿದ ಒಂದನ್ನ ಮೊಣಕಾಲು ತಿಂದ್ಕೊಳ್ತು."

ಅಕ್ಕ ಗಕ್ಕನೆ ತಿರುಗಿದಳು. "ಸುಮ್ನೆ ಏನೋ ಹೇಳ್ಬೇಡ್ವೇ. ಮನೆಯಿಂದ ಆಚೆ ಬರೋದೇ ಅಪರೂಪ ನೀನು. ಒಂಬತ್ತು ಎಲ್ಲಿಂದ ಬಂತು?"

"ವಾರಕ್ಕೊಂದ್ಸಲ ಬರ್ತೀಯ, ಮನೆ ಗುಡಿಸಿ, ಅಡುಗೆ ಮಾಡಿಟ್ಟು, ಕಾಲಿಗೆ ಬುದ್ಧಿ ಹೇಳ್ತೀಯ. ಒಂದ್ಸಲನಾದ್ರೂ ನನ್ನ ಜೊತೆ ಕೂತಿದ್ಯಾ?"

ಅಕ್ಕ ಉತ್ತರಕ್ಕಾಗಿ ಡಾಕ್ಟರ ಮುಖ ನೋಡಿದಳು. ಅವರು ಭುಜ ಕುಣಿಸಿದರು. "ನನ್ನ ನೋಡಬೇಡಿ. ಆ ಒಂಬತ್ತು ಎಲ್ಲಿಂದ ಬರುತ್ತೆ ಅಂತ ನಾವೂ ಹುಡುಕ್ತಾ ಇದೀವಿ."

ಸಂಜೆ ತಂಗಿಯನ್ನು ಮನೆಗೆ ಮುಟ್ಟಿಸಿದವಳು ರೂಢಿಯಂತೆ ಪೊರಕೆಗೆ ಕೈಹಾಕಿದಳು. ಯಾಕೋ ಅದನ್ನು ಮೂಲೆಗೇ ಒರಗಿಸಿ, ಕಿಟಕಿಯ ಬಳಿ ತಂಗಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದು ಕೂತಳು. ಎದುರಿಗೆ ಕ್ಷೌರದಂಗಡಿ. ಅದರಾಚೆ ಬಸ್ ನಿಲ್ಲುವ ಜಾಗ. ನೋಡುವಂಥದ್ದೇನೂ ಅವಳ ಕಣ್ಣಿಗೆ ಬೀಳಲಿಲ್ಲ.

"ಏನಿದೆಯೇ ಇಲ್ಲಿ?"

"ಶ್! ಅಗೋ, ನಮ್ಮ ಸೇನಾಪತಿ ಬಂದ," ಎಂದು ತಂಗಿ ಪಿಸುಗುಟ್ಟಿದಳು. ಗಿರಿಜಾಮೀಸೆಯ ಮುದುಕನೊಬ್ಬ ಎದೆಯುಬ್ಬಿಸಿಕೊಂಡು ಅಂಗಡಿಯತ್ತ ಬರುತ್ತಿದ್ದ. "ಬಾಗಿಲು ತಳ್ಳಬೇಕು ಕಣೆ. ಎರಡು ವರ್ಷದಿಂದ ಎಳೀತಾನೇ ಇದಾನೆ."

"ಇವತ್ತು?"

"ಅದೇ ತಾನೇ ನೋಡ್ಬೇಕಾಗಿರೋದು!"

ಅಕ್ಕ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಸರಿಸಿದಳು. ಮುದುಕ ಬಾಗಿಲ ಹಿಡಿಗೆ ಕೈಹಾಕಿದ. ಕಿಟಕಿಯ ತಣ್ಣನೆಯ ಗಾಜಿನ ಮೇಲೆ ಇಬ್ಬರ ಉಸಿರೂ ಮಂಜಾಗಿ ಹಬ್ಬಿ, ನಿಧಾನವಾಗಿ ಒಂದಕ್ಕೊಂದು ಕೂಡಿಕೊಂಡಿತು.