ಅಮ್ಮನನ್ನು ಮಣ್ಣು ಮಾಡಿದ ಬುಧವಾರ

ಅಳುತ್ತಿದ್ದಾಳೆ, ಸದ್ಯ, ಒಬ್ಬಳಾದರೂ ಅಳುತ್ತಿದ್ದಾಳಲ್ಲ — ಚರ್ಚಿನ ನೆಲಮಾಳಿಗೆಯಲ್ಲಿ, ಕಾಫಿ ಪಾತ್ರೆಯ ಪಕ್ಕ ಬೆನ್ನು ತಿರುಗಿಸಿ ನಿಂತಿದ್ದ ಮಾವಿಸ್ ಚಿಕ್ಕಮ್ಮನ ಭುಜ ಕುಲುಕುವುದು ಕಂಡು ಆರ್ಡಿತಳಿಗೆ ಎದೆ ಹಗುರಾಯಿತು, ಎಷ್ಟಾದರೂ ಅಮ್ಮನ ಒಡಹುಟ್ಟಿದವಳು, ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು, ಹೋಗಿ ಹಿಂದಿನಿಂದ ತಬ್ಬಿಕೊಂಡಳು, ಚಿಕ್ಕಮ್ಮ ತಿರುಗಿ ಅವಳ ಕೊರಳಿಗೆ ಜೋತುಬಿದ್ದು ಬಿಕ್ಕಿದಳು, ನಮ್ ಗತಿ ಏನೇ ಆರ್ಡಿತ್, ಇನ್ನು ನಾಲ್ಕು ವರ್ಷ ಹೆಂಗೆ ತಳ್ಳೋದೇ, ಈ ದೇಶದ ಜನಕ್ಕೆ ತಲೇಲಿ ಮಿದುಳಿಲ್ವೇನೇ. ನಾಲ್ಕು ವರ್ಷ? ತಬ್ಬಿದ ಕೈ ತಬ್ಬಿದಲ್ಲೇ ಮರಗಟ್ಟಿತು. ಹಾಗಾದರೆ ಇದೂ ಅಮ್ಮನಿಗಲ್ಲ, ಈ ಕಣ್ಣೀರೂ ಅದಕ್ಕೇ, ನಿನ್ನೆ ಮತ ಎಣಿಸಿದ್ದಕ್ಕೆ, ಬೆಳಗಾಗುವಷ್ಟರಲ್ಲಿ ಹೊಸ ಅಧ್ಯಕ್ಷರು ಗೆದ್ದದ್ದಕ್ಕೆ — ಅಮ್ಮಾ, ಶನಿವಾರ ಹೋದವಳು ಇನ್ನೊಂದು ವಾರ ತಡೆದು ಹೋಗಬಾರದಿತ್ತೇ, ಅಥವಾ ಒಂದು ವಾರ ಮೊದಲೇ, ಆಗ ಈ ಊರು ನಿನಗಾಗಿ ಒಂದು ಗಂಟೆ ಬಿಡುವು ಮಾಡಿಕೊಳ್ಳುತ್ತಿತ್ತು. ಪಾದ್ರಿಯಾದರೂ ಏನು ಕಡಿಮೆ, ಒಡೆದುಹೋದ ಈ ನಾಡನ್ನು ಒಂದುಗೂಡಿಸು ದೇವರೇ ಎಂದು ಶುರುಮಾಡಿದ ಪ್ರಾರ್ಥನೆ ಮುಗಿಯುವುದರೊಳಗೆ ಮೇಣದಬತ್ತಿ ಅರ್ಧ ಕರಗಿತ್ತು, ಲವೋನ್ ಎಂಬ ಅಮ್ಮನ ಹೆಸರು ಬಂದದ್ದು ಕೊನೆಗೆ, ಊಟ ಮುಗಿದ ಮೇಲೆ ಉಪ್ಪಿನಕಾಯಿ ಬಡಿಸಿದಂತೆ. ಇನ್ನು ದಾರಿಯಲ್ಲಿ — ಶವದ ಗಾಡಿ ಬಂದರೆ ಈ ಊರಿನಲ್ಲಿ ಎದುರಿನ ವಾಹನ ಬದಿಗೆ ಸರಿದು ನಿಲ್ಲುತ್ತದೆ, ಅಪ್ಪ ಸತ್ತಾಗ ಟ್ರ್ಯಾಕ್ಟರಿನಿಂದ ಇಳಿದು ಟೋಪಿ ತೆಗೆದು ನಿಂತವರಿದ್ದರು — ಇವತ್ತು ಎದುರಿನಿಂದ ಗೆದ್ದವರ ಬಾವುಟ ಕಟ್ಟಿದ ಗಾಡಿಯೊಂದು ನಿಲ್ಲುವುದಿರಲಿ, ಹಾರ್ನ್ ಒತ್ತಿಕೊಂಡು ಕೇಕೆ ಹಾಕಿಕೊಂಡು ಹೋಯಿತು, ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದಿದ್ದ ತಮ್ಮ ಡೆಲ್ಬರ್ಟನ ಅಂಗೈ ತನಗೆ ತಾನೇ ಹಾರ್ನಿನ ಮೇಲೆ ಹೋಗಿ ಅಲ್ಲೇ ನಿಂತಿತು, ಅಕ್ಕ ನೋಡಿದಳೆಂದು ಗೊತ್ತಾಗಿ ಕೈ ತೆಗೆದು ಕತ್ತು ತುರಿಸಿಕೊಂಡ, ಪಾಪ, ಅವನು ಅಮ್ಮನನ್ನು ಪ್ರೀತಿಸಲಿಲ್ಲವೆಂದಲ್ಲ, ಆಸ್ಪತ್ರೆಯಲ್ಲಿ ಅವಳ ಕಾಲು ತಿಕ್ಕುತ್ತ ಕೂತವನು ಅವನೇ, ಆದರೆ ಬೆಳಗಿನಿಂದ ಆ ಮುಖದಲ್ಲಿ ನಗು ಹುಡುಗುಬುದ್ಧಿಯ ನಾಯಿಮರಿಯಂತೆ ಬಾಗಿಲು ಸಿಕ್ಕಲ್ಲೆಲ್ಲ ಹೊರಗೆ ಇಣುಕುತ್ತಿದೆ, ಅವನು ಒಳಗೆ ತಳ್ಳುತ್ತಿದ್ದಾನೆ, ಅದು ಮತ್ತೆ ಇಣುಕುತ್ತಿದೆ.

ಮೇಜಿನ ತುಂಬ ಹಂದಿಮಾಂಸ ತುಂಬಿದ ಬನ್ನು, ಆಲೂಗಡ್ಡೆ ಸಲಾಡು, ಯಾರೂ ಮುಟ್ಟದ ಹಸಿರು ಜೆಲ್ಲಿ, ಇಲ್ಲಿ ತಿನ್ನುತ್ತಿರುವ ಅರ್ಧ ಜನ ಶಾಲೆಯಲ್ಲಿ ಅಡುಗೆಯವಳಾಗಿದ್ದ ಅಮ್ಮನ ಕೈಯ ದಾಲ್ಚಿನ್ನಿ ಬನ್ನು ತಿಂದು ಬೆಳೆದವರು, ಒಬ್ಬರಾದರೂ ಆ ಬನ್ನಿನ ಮಾತೆತ್ತಬಾರದೇ, ಎಡಗಡೆಯ ಮೇಜಿನಲ್ಲಿ ನಾನು ಹೇಳಿರ್ಲಿಲ್ವಾ, ಹೇಳಿರ್ಲಿಲ್ವಾ, ಬಲಗಡೆಯಲ್ಲಿ ನಾನಂತೂ ಟಿವಿ ಹಾಕೋದೇ ಬಿಟ್ಟೆ ಕಣಮ್ಮ, ನಡುವೆ ಕಾಗದದ ತಟ್ಟೆ ಹಿಡಿದು ಎಲ್ಲಿ ಕೂತರೆ ಯಾವ ಪಕ್ಷವಾಗುತ್ತದೋ ಎಂದು ನಿಂತೇ ತಿನ್ನುವವರು — ಅಷ್ಟರಲ್ಲಿ ಯಾರ ಬಾಯಿಂದ ಬಂತೋ, ಪಾಪ ಲವೋನ್ ಈ ದಿನ ನೋಡೋಕೆ ಇರಬೇಕಿತ್ತು. ಡೆಲ್ಬರ್ಟನ ನಾಯಿಮರಿ ಪೂರ್ತಿ ಹೊರಗೆ ಬಂತು. ಹೌದು ನೋಡಿ, ಅಮ್ಮ ಮತದಾನದ ದಿನಕ್ಕೆ ಮುಂಚೇನೇ ಹೋಗಿ ಮತ ಹಾಕಿ ಬಂದಿದ್ಲು, ನಮ್ಮವರಿಗೇ, ಸಂತೋಷ ಪಟ್ಕೊಂಡೇ ಹೋಗಿರ್ತಾಳೆ. ಕಾಫಿ ಪಾತ್ರೆಯ ಕಡೆಯಿಂದ ಚಿಕ್ಕಮ್ಮ ಮೂಗು ಒರೆಸಿಕೊಂಡು ಬಂದಳು, ಏನಂದೆ? ನಮ್ಮಕ್ಕ ನಿಮ್ಮೋರಿಗೆ ಹಾಕಿದ್ಲಾ? ಅವಳ ಕೈ ಬಿದ್ದುಹೋಗ್ತಿತ್ತು ಹಾಗೆ ಮಾಡಿದ್ರೆ. ಚಿಕ್ಕಮ್ಮ, ನಂಗೆ ನಮ್ಮಮ್ಮ ಗೊತ್ತು. ನಿಂಗೇನೋ ಗೊತ್ತು, ನೀನು ಹುಟ್ಟೋಕೆ ಮುಂಚಿಂದ ನಂಗೊತ್ತು ಅವಳು. ಮಣ್ಣು ಇನ್ನೂ ಹಸಿಯಾಗಿದೆ, ಆಗಲೇ ಅವಳನ್ನು ಕೈಗೊಬ್ಬರು ಕಾಲಿಗೊಬ್ಬರು ಹಿಡಿದು ಎಳೆಯುತ್ತಿದ್ದಾರೆ, ಆಗ ಡೆಲ್ಬರ್ಟ್ ಬೆರಳು ತೋರಿಸಿದ, ಇವಳೇ ತಾನೇ ಅಮ್ಮನ್ನ ಕರ್ಕೊಂಡು ಹೋಗಿದ್ದು, ಅಕ್ಕಾ, ಹೇಳು, ಯಾರಿಗೆ ಹಾಕಿದ್ಲು?

ಬನ್ನು ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಬೆಳಗಿನಿಂದ ಮೊದಲ ಸಲ ಇಡೀ ನೆಲಮಾಳಿಗೆ ಅಮ್ಮನ ಸುದ್ದಿಗಾಗಿ ಕಿವಿಗೊಟ್ಟು ನಿಂತಿದೆ, ಈಗ ಹೇಳಬಹುದು, ಏನು ಬೇಕಾದರೂ, ಯಾರ ಹೆಸರು ಹೇಳಿದರೂ ನಂಬುತ್ತಾರೆ, ಚಿಕ್ಕಮ್ಮನ ಕೆಂಪು ಕಣ್ಣು, ತಮ್ಮನ ತೆರೆದ ಬಾಯಿ, ಒಬ್ಬರನ್ನು ಒಂದು ಮಾತಿನಲ್ಲಿ ಗೆಲ್ಲಿಸಿ ಇನ್ನೊಬ್ಬರನ್ನು ಕೊಲ್ಲಬಹುದು. ಇಲ್ಲ, ಆ ದಿನವನ್ನೇ ಹೇಳುತ್ತೇನೆ. ಅಮ್ಮ ಚರ್ಚಿಗೆ ಹಾಕುವ ಕೋಟು ಹಾಕ್ಕೊಂಡ್ಲು, ಎಂದಳು, ಲಿಪ್‌ಸ್ಟಿಕ್ ಹಚ್ಕೊಂಡ್ಲು, ಹಲ್ಲಿನ ಸೆಟ್ಟು ಮಾತ್ರ ಲೋಟದಲ್ಲೇ ಮರೆತುಬಂದ್ಲು, ಆಮ್ಲಜನಕದ ಸಿಲಿಂಡರ್ ಎಳ್ಕೊಂಡು ಮತ ಹಾಕೋಕೆ ಕೋರ್ಟಿನ ಮೆಟ್ಲು ಹತ್ತಿದ್ಲು, ನನ್ನ ಕೈ ಹಿಡೀಲಿಲ್ಲ — ಅದಾಯ್ತು ಅಕ್ಕಾ, ಯಾರಿಗೆ? — ಮರೆಯ ಹಿಂದೆ ತುಂಬಾ ಹೊತ್ತು ನಿಂತಿದ್ಲು, ಕೆಳಗಡೆ ಅವಳ ಚಪ್ಪಲಿ ಮಾತ್ರ ಕಾಣ್ತಿತ್ತು, ಕಾರಿಗೆ ಬಂದ್ಮೇಲೆ ನಾನೂ ಕೇಳಿದೆ, ಮತ್ತೆ ಆ ಮರೆ ಯಾಕೆ ಕಟ್ಟಿರ್ತಾರೆ ಹುಡುಗಿ ಅಂದ್ಲು, ಅಂದು ನಕ್ಕಳು, ಅಷ್ಟೇ. ನಕ್ಕಳಾ? ಎಂದ ಡೆಲ್ಬರ್ಟ್, ನಕ್ಕಳು ಅಂದ್ರೆ ನೋಡಿ, ನಮ್ಮವರಿಗೇ, ಗೆಲ್ತಾರೆ ಅಂತ ಗೊತ್ತಿತ್ತು ಅವಳಿಗೆ. ಥೂ, ನಿನ್ನನ್ನ ನೆನೆಸ್ಕೊಂಡು ನಕ್ಕಿರ್ತಾಳೆ ಕಣೋ, ಎಂದಳು ಚಿಕ್ಕಮ್ಮ, ಮಗನಿಗೆ ಗೊತ್ತಾಗದ ಹಾಗೆ ನಮ್ಮ ಕಡೆ ಒತ್ತಿದ್ದಕ್ಕೆ, ಮತ್ತೆ ಎಡಗಡೆಯ ಮೇಜು, ಮತ್ತೆ ಬಲಗಡೆಯ ಮೇಜು, ಪಾದ್ರಿ ಕೈ ಎತ್ತಿ ಮಕ್ಕಳೇ ಮಕ್ಕಳೇ ಎನ್ನುತ್ತಿರುವಾಗ ಆರ್ಡಿತ್ ತನ್ನ ತಟ್ಟೆಯನ್ನು ಕಸದ ಡಬ್ಬಿಗೆ ತುರುಕಿ ಹೊರಟಳು, ಮುಚ್ಚ್ರೋ ಬಾಯಿ ಎಂದು ಅರಚಿದ್ದು ತಾನೇ ಎಂದು ಗೊತ್ತಾದದ್ದು ಮೆಟ್ಟಿಲು ಹತ್ತಿದ ಮೇಲೆ, ಹಿಂದಿನಿಂದ ಚಿಕ್ಕಮ್ಮನ ದನಿ, ಪಾಪ ಅವಳಿಗೂ ಈ ಫಲಿತಾಂಶ ತಡ್ಕೊಳೋಕಾಗಿಲ್ಲ. ಹೊರಗೆ ಚಳಿ, ನದಿಯ ಕಡೆಯಿಂದ ಗಾಳಿ, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡಳು, ಅವತ್ತು ಅಮ್ಮ ಕೂತಿದ್ದ ಪಕ್ಕದ ಸೀಟು ಖಾಲಿ, ಹೇಳಿದ್ದು ಸಾಲಲಿಲ್ಲ, ನಕ್ಕಳು ಎಂದರೆ ಅವರಿಗೆ ಏನು ತಿಳಿಯಿತು, ಅದು ಮತದ ನಗುವಲ್ಲ, ಗೆದ್ದವರದಲ್ಲ, ಸೋತವರದಲ್ಲ, ಬಾಯಲ್ಲಿ ಹಲ್ಲಿಲ್ಲ ಎಂಬುದು ಅಮ್ಮನಿಗೆ ಆಗಷ್ಟೇ ನೆನಪಾಗಿ, ನಾಚಿ, ಮೂಗಿಗಿಟ್ಟ ಸಿಲಿಂಡರಿನ ಕೊಳವೆಯ ಮೇಲೇ ಅಂಗೈ ಒತ್ತಿಕೊಂಡು, ಬೆರಳ ಸಂದಿಯಿಂದ ಕೆಂಪು ಲಿಪ್‌ಸ್ಟಿಕ್ ಕಾಣುತ್ತ, ಸೇತುವೆ ದಾಟುವವರೆಗೂ ಕೋಟಿನೊಳಗೆ ಮೈಯೆಲ್ಲ ಕುಲುಕುತ್ತ, ಬಾಯಿಯ ಮೇಲೆ ಆ ಅಂಗೈ, ಅಮ್ಮನ ಅಂಗೈ, ಬಾಯಿಯ ಮೇಲೆ —