ಗುರುಗಳ ಕೆಮ್ಮು

ಇದು ಕಟ್ಟುಕತೆಯಲ್ಲ, ಕಟ್ಟುಕತೆ ಬರೆಯುವವನ ನಿಜವಾದ ಕತೆ. ಲಾಸ್ ಆಲ್ಟೋಸ್ ಎಂಬ ಊರಿನಲ್ಲಿದ್ದ ಗುರುಕಿರಣ ಅಲ್ಲಿನ ಒಂದು ಕಾಲೇಜಿನಲ್ಲಿ ಜಪಾನಿ ಸಾಹಿತ್ಯ ಕಲಿಸುತ್ತಿದ್ದ. ಗುಪ್ತನಾಮದಲ್ಲಿ ಕೊಲೆಯ ಕಾದಂಬರಿಗಳನ್ನೂ ಬರೆಯುತ್ತಿದ್ದ. ಈ ಗುಟ್ಟು ತನಗೆ ಜಪಾನಿ ಕಲಿಸಿದ ಗುರು ತನಾಬೆಯವರಿಗೆ ತಿಳಿದರೆ, ತನ್ನ ಕಾಯಂ ಹುದ್ದೆಗೆ ಅವರು ಬರೆಯಬೇಕಿದ್ದ ಶಿಫಾರಸು ಪತ್ರ ಬರಲಾರದೆಂದು ಅವನ ಹೆದರಿಕೆ. ಗುರುಗಳು ಫೋನಿನಲ್ಲೂ ಮಿತಭಾಷಿ. ಒಮ್ಮೆ ಕೆಮ್ಮಿ ಸುಮ್ಮನಾಗುವರು. ಆ ಮೌನವನ್ನು ಶಿಷ್ಯನೇ ತುಂಬಬೇಕು.

ಶನಿವಾರ ಬೆಳಿಗ್ಗೆ ಫೋನು ಬಂತು. ಆ ಕಡೆಯಿಂದ ಅದೇ ಕೆಮ್ಮು. ಗುರುಕಿರಣ ಎದ್ದು ನಿಂತು ಫೋನಿಗೇ ನಡು ಬಗ್ಗಿಸಿ ಜಪಾನಿಯಲ್ಲಿ ಕೇಳಿದ: "ಪತ್ರದ ವಿಷಯವೇ, ಗುರುಗಳೇ?"

ಮೌನ.

"ಕಾದಂಬರಿಗಳ ವಿಷಯವೇ?"

ಇನ್ನೊಂದು ಕೆಮ್ಮು.

"ತಪ್ಪಾಯಿತು! ಮೂರು ಬರೆದಿದ್ದೇನೆ. ಮೂರರಲ್ಲೂ ಕೊಲೆಯಾಗುವ ಪ್ರೊಫೆಸರು ನೀವೇ!"

ಫೋನಿನಲ್ಲೂ ಹಿತ್ತಲಿನಲ್ಲೂ ಒಂದೇ ನಗು ಕೇಳಿಸಿತು. ಅದೇ ಗುರುಗಳ ಬಳಿ ಓದಿ ಅವರ ಕೆಮ್ಮನ್ನೂ ಕಲಿತಿದ್ದ ಹೆಂಡತಿ ಮಾಧುರಿ, ತನ್ನ ಡಾಟ್‌ಕಾಮ್ ಆಫೀಸು ಕೊಟ್ಟ ಹೊಸ ಸೆಲ್‌ಫೋನು ಹಿಡಿದು ಒಳಗೆ ಬಂದಳು.

"ಮೂರೂ ಸಲ ಅವರನ್ನೇ ಕೊಂದೀರೇನ್ರೀ? ಒಮ್ಮೆಯಾದ್ರೂ ಜೀವಂತ ಬಿಡಬೇಕಿತ್ತರೀ!"

ಗುರುಗಳಿಗೆ ಇನ್ನೂ ಏನೂ ಗೊತ್ತಿಲ್ಲವೆಂದು ಹೊಳೆದದ್ದೇ ತಡ, ಗುರುಕಿರಣ ಕುರ್ಚಿಗೆ ಕುಸಿದು ಅವಳಿಗಿಂತ ಜೋರಾಗಿ ನಕ್ಕ.